ಗ್ಯಾರೇಜಿನ ಹುಗ್ಗಿ

ಸಾಹೇಬರ ಗ್ಯಾರೇಜಿನಲ್ಲಿ ಬಿಯರಿಗೆ ‘ಚೆನ್ನಾಗಿದೆ’ ಎನ್ನುವ ಹಾಗಿರಲಿಲ್ಲ. ಗ್ಲಾಸು ಕೈಗೆ ಕೊಟ್ಟು, ಮೂಗಿನ ಹತ್ತಿರ ಹಿಡಿಯಲು ಹೇಳಿ, ಎದುರಿಗೇ ನಿಂತು ಕಾಯುತ್ತಿದ್ದರು. ಯಾರಾದರೂ ಮರೆತು, “ತುಂಬಾ ಚೆನ್ನಾಗಿದೆ ಸಾಹೇಬ್ರೇ” ಎಂದರೆ ಮುಗಿಯಿತು.

“ಛಂದ ಅದ ಅನ್ನೋದು ಸೀರಿಗೆ ಹೇಳೋ ಮಾತು ರೀ. ಮೂಗಿಗೆ ಏನು ಬಂತು ಅದನ್ನ ಹೇಳ್ರಿ. ಹೇಳ್ಲಿಕ್ಕೆ ಬರೂದಿಲ್ಲಂದ್ರ ಗ್ಲಾಸ್ ಇಲ್ಲೇ ಇಟ್ಟು, ಒಳಗ ಹೋಗಿ ಕೋಸಂಬರಿ ತಿನ್ರಿ.”

ಅವರು ತೀರಿಕೊಂಡ ಮೇಲೆ ಒಂದು ಶಾಲೆಯ ಹಾಲಿನಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಮಾತಾಡಿದವರೆಲ್ಲ ಅವರನ್ನು ಲಂಡನ್ ಕನ್ನಡಿಗರ ಆಧಾರಸ್ತಂಭ, ಹಿರಿಯ ಚೇತನ, ಸರಳ ಸಜ್ಜನ ಎಂದರು. ‘ಸರಳ’ ಎಂದಾಗ ನಾನು ತಲೆ ತಗ್ಗಿಸಿ ಕೆಮ್ಮಿದೆ. ಮನೆಯಲ್ಲೇ ಬಿಯರ್ ಕಾಯಿಸುವ ದಿನ ಆಪರೇಷನ್ ಥಿಯೇಟರಿನ ಹಸಿರು ಗೌನು, ತಲೆಗೆ ಟೋಪಿ, ಕೈಗೆ ಗ್ಲೌಸು ಹಾಕಿಕೊಂಡು, ಗ್ಯಾರೇಜಿನ ಬಾಗಿಲಲ್ಲಿ ನಿಂತು ದಾರಿಹೋಕರಿಗೆಲ್ಲ ಕೈಬೀಸುತ್ತಿದ್ದ ಮನುಷ್ಯ ಅವರು. ಆದರೆ ಸಭೆಯಲ್ಲಿ ಬಿಯರಿನ ಮಾತನ್ನು ಯಾರೂ ಎತ್ತಲಿಲ್ಲ. ಧಾರವಾಡದಿಂದ ಬಂದ ಅವರ ಅಣ್ಣ ಮುಂದಿನ ಸಾಲಿನಲ್ಲಿ ಹಣೆ ತುಂಬ ಅಂಗಾರ ಅಕ್ಷತೆ ಇಟ್ಟುಕೊಂಡು ಕೂತಿದ್ದರು. ಅದಕ್ಕಿರಬೇಕು. ಹೀಗಾಗಿ ಆ ಸಾಹೇಬರನ್ನು ಬಲ್ಲವರು ಯಾರೂ ಅವತ್ತು ಸಾಹೇಬರ ಬಗ್ಗೆ ಮಾತಾಡಲಿಲ್ಲ ಎಂದೇ ನನ್ನ ಲೆಕ್ಕ. ಆ ಕೆಲಸ ನಾನು ಮಾಡುತ್ತೇನೆ.

ಸಾಹೇಬರು ದಕ್ಷಿಣ ಲಂಡನ್ನಿನ ಸಟನ್ ಕಡೆಯ ಒಂದು ಆಸ್ಪತ್ರೆಯಲ್ಲಿ ಮುದುಕರ ಡಾಕ್ಟರು. ಎಪ್ಪತ್ತರ ದಶಕದಲ್ಲಿ ಧಾರವಾಡದಿಂದ ಹೃದಯದ ಸರ್ಜನ್ ಆಗಬೇಕೆಂದು ಬಂದವರು. ಇಲ್ಲಿಯ ದೊರೆಗಳು ಹೃದಯವನ್ನು ತಮ್ಮವರಿಗೇ ಇಟ್ಟುಕೊಂಡು, ಯಾರಿಗೂ ಬೇಡವಾಗಿದ್ದ ವೃದ್ಧರ ವಾರ್ಡನ್ನು ಇವರಿಗೆ ಕೊಟ್ಟರು. “ಅವರಿಗೆ ಬ್ಯಾಡಾದ ಮುದುಕರು, ಅವರಿಗೆ ಬ್ಯಾಡಾದ ಡಾಕ್ಟರು. ಜೋಡಿ ಛಲೋ ಆತು” ಎನ್ನುತ್ತಿದ್ದರು. ಹಾಗೆಂದು ಅವರಿಗೆ ಬೇಸರವೇನೂ ಇದ್ದಂತಿರಲಿಲ್ಲ. ವಾರ್ಡಿನ ಅಜ್ಜಿಯರು ಇವರನ್ನು ಕಂಡರೆ ಕೂದಲು ಬಾಚಿಕೊಳ್ಳುತ್ತಿದ್ದರು.

ನಾನು ತೊಂಬತ್ತರ ದಶಕದ ನಡುವೆ ತುಮಕೂರಿನಿಂದ ಬಂದು, ಜಿಪಿ, ಅಂದರೆ ಇಲ್ಲಿಯ ಫ್ಯಾಮಿಲಿ ಡಾಕ್ಟರು, ಆಗುವ ತರಬೇತಿಯಲ್ಲಿ ಅವರ ವಾರ್ಡಿಗೆ ಬಿದ್ದವಳು. ಮೊದಲ ದಿನ ಅವರು ನನ್ನ ಡಿಗ್ರಿ ಕೇಳಲಿಲ್ಲ.

“ಯಾವ ಊರು?”

“ತುಮಕೂರು ಸರ್.”

“ತುಮಕೂರಿನ ಮಂದಿಗೆ ಮೂಗು ಇರ್ತದೇನು?”

ಉತ್ತರಕ್ಕೆ ಕಾಯದೆ ವಾರ್ಡಿನ ಬಾಗಿಲಲ್ಲೇ ನಿಂತು ಕಣ್ಣು ಮುಚ್ಚಿ ಒಮ್ಮೆ ಉಸಿರೆಳೆದರು. ಕಿಟಕಿ ಪಕ್ಕದ ಅಜ್ಜಿಯ ಮೂತ್ರ ಪರೀಕ್ಷೆಗೆ ಕಳಿಸಲು ಹೇಳಿದರು. ಮೂಲೆಯ ಅಜ್ಜನ ಕಾಲಿನ ಪಟ್ಟಿ ಬಿಚ್ಚಿ ನೋಡಲು ಹೇಳಿದರು. ಇನ್ನೊಬ್ಬ ಅಜ್ಜನ ಮಗ ಕದ್ದು ವಿಸ್ಕಿ ತಂದುಕೊಟ್ಟಿದ್ದಾನೆ, ಅದನ್ನು ಕಸಿದುಕೊಳ್ಳಬೇಡಿ ಎಂದರು. ಮೂರೂ ಸರಿ ಇದ್ದವು. ಸಕ್ಕರೆ ಕಾಯಿಲೆ ಕೈಮೀರಿದವರ ಉಸಿರಿಗೆ ಕೊಳೆತ ಹಣ್ಣಿನ ಸಿಹಿ ವಾಸನೆ ಇರುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಅದನ್ನು ನಿಜವಾಗಿ ಹಿಡಿಯುವುದನ್ನು ಕಲಿತದ್ದು ಅವರಿಂದ.

ಮನೆಯಲ್ಲೂ ಹೀಗೇ. ಕಾರು ನಿಲ್ಲಿಸಿ ಗೇಟು ತೆರೆಯುವಾಗಲೇ, “ಇವತ್ತ ಹುರುಳಿಕಾಯಿ ಪಲ್ಯ, ನಿಂಬಿಹಣ್ಣಿನ ಸಾರು, ಹಪ್ಪಳ ಒಂದು ಕರಕಾಗೇದ” ಎಂದು ಇಡೀ ಬೀದಿಗೆ ಸಾರುತ್ತಿದ್ದರು. ಪಕ್ಕದ ಮನೆಯ ಇಂಗ್ಲಿಷರ ಭಾನುವಾರದ ಊಟವನ್ನೂ ಸೇರಿಸಿ ಹೇಳುತ್ತಿದ್ದರು. ಒಳಗಿಂದ ಅವರ ಹೆಂಡತಿ, “ಕರಕಾಗಿಲ್ಲ, ಬಣ್ಣ ಬಂದಿದೆ” ಎಂದು ಕೂಗುತ್ತಿದ್ದರು. ಆಕೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮೈಸೂರಿನವರು, ಮಾತು ಮೆಲ್ಲಗೆ, ನಿಯಮ ಗಟ್ಟಿ.

ಬಿಯರ್ ಅವರ ಜೀವನದಲ್ಲಿ ಹೇಗೆ ಬಂತು ಎಂಬುದಕ್ಕೆ ಅವರದೇ ಹಲವು ಕಥೆಗಳಿದ್ದವು. ಬೆಲ್ಜಿಯಂನಲ್ಲಿ ಮುದುಕರ ಮೂಳೆ ಮುರಿತದ ಬಗ್ಗೆ ಒಂದು ಸಮ್ಮೇಳನ. ಭಾಷಣ ತಪ್ಪಿಸಿಕೊಂಡು ಇವರು ಒಂದು ಹೋಟೆಲಿಗೆ ಹೋಗಿ ಕೂತರು. ಮಜ್ಜಿಗೆಯ ಹಾಗೆ ಮಸುಕಾದ ಗೋಧಿ ಬಿಯರ್ ಬಂತು. ಮೂಗಿಗೆ ಹಿಡಿದರೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ! ಅಲ್ಲಿಯವರೆಗೆ ಎಲ್ಲ ಸಲವೂ ಒಂದೇ. ಮುಂದಿನದು ಕೇಳುಗರ ಮೇಲೆ ಅವಲಂಬಿಸಿತ್ತು. ಒಮ್ಮೆ ಅವರು ತಾಯಿಯ ಅಡುಗೆಮನೆ ನೆನೆದು ಅತ್ತರು. ಇನ್ನೊಮ್ಮೆ ಅಳಲಿಲ್ಲ, ನಮ್ಮವ್ವನ ಸಾರಿನ ಪುಡಿ ನಿನಗೆ ಯಾರು ಕೊಟ್ಟರು ಎಂದು ಗಲ್ಲಾದವನನ್ನು ತರಾಟೆಗೆ ತೆಗೆದುಕೊಂಡರು. ನಾನು ಕೇಳಿದ ಕೊನೆಯ ಪಾಠಾಂತರದಲ್ಲಿ ಅತ್ತದ್ದು ಗಲ್ಲಾದವನು.

ಅಂತೂ ಅವತ್ತಿನಿಂದ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲದಾಯಿತು. ಗಣೇಶನ ಹಬ್ಬದ ಹೊತ್ತಿಗೆ ಗೋಧಿ, ಬಾರ್ಲಿ ಬೇಯಿಸಿ, ಮಸಾಲೆ ಹಾಕಿ, ಬಕೆಟ್ಟಿನಲ್ಲಿ ಹುದುಗಿಸಿ, ಬಾಟಲಿಗೆ ತುಂಬಿ, ಬೀದಿಯ ಮರಗಳ ಎಲೆ ಕೆಂಪಾಗಿ ದಸರಾ ಬರುವ ಹೊತ್ತಿಗೆ ತೆರೆಯುವುದು. ಶರತ್ಕಾಲಕ್ಕೆಂದೇ ಮಾಡಿದ ಬಿಯರಾದ್ದರಿಂದ ಬೆಲ್ಜಿಯಂನವರ ಮಸಾಲೆ ಸಾಲದೆಂದು ಲವಂಗ, ಚಕ್ಕೆ, ಏಲಕ್ಕಿ ಸೇರಿಸಿದ್ದರು. ಲಂಡನ್ನಿನ ಇನ್ನೊಂದು ತುದಿಯ ರೇನರ್ಸ್ ಲೇನಿನ ಅಂಗಡಿಯಿಂದಲೇ ಮಸಾಲೆ ಬರಬೇಕು. ಯಾರಾದರೂ ಹುಬ್ಬೇರಿಸಿದರೆ ಒಂದೇ ಉತ್ತರ: “ಗೋಧಿ ಹುಗ್ಗಿ ತಿಂದು ಬೆಳದ ಮಂದಿ ನಾವು. ಅದೇ ಗೋಧಿ, ಅದೇ ಏಲಕ್ಕಿ. ತಿನ್ನೋದರ ಬದಲಿ ಕುಡದ್ರ ಏನಾತು?”

ಹಾಗಾಗಿ ಅದರ ಹೆಸರು ಹುಗ್ಗಿ ಎಂದೇ ಆಯಿತು. ಮಕ್ಕಳ ಎದುರಿಗೆ, ಊರಿಂದ ಬಂದ ಹಿರಿಯರ ಎದುರಿಗೆ ಧೈರ್ಯವಾಗಿ ಹೇಳಬಹುದಾದ ಹೆಸರು. “ಹುಗ್ಗಿ ರೆಡಿ ಅದ, ಬರ್ರಿ” ಎಂದು ಫೋನ್ ಬಂದರೆ ಲಂಡನ್ನಿನ ಹಾರೋದಿಂದ ಸ್ಟ್ರಾಟ್‌ಫರ್ಡ್‌ವರೆಗಿನ ಕನ್ನಡದ ಡಾಕ್ಟರುಗಳು ಡ್ಯೂಟಿ ಬದಲಾಯಿಸಿಕೊಂಡು ಸಟನ್ನಿಗೆ ಓಡಿ ಬರುತ್ತಿದ್ದರು.

ಒಂದು ದಸರೆಗೆ ನಮ್ಮ ಗುಂಪಿನ ಅರಿವಳಿಕೆ ಡಾಕ್ಟರ ಅತ್ತೆ ಬೆಂಗಳೂರಿನಿಂದ ಬಂದವರು ಜೊತೆಗಿದ್ದರು. ಗೊಂಬೆ ನೋಡಿ, ಹಾಡು ಹೇಳಿ, ಕೋಸಂಬರಿ ತಿಂದು ಕೊನೆಗೆ ಕೇಳಿಯೇಬಿಟ್ಟರು: “ಅದೇನಮ್ಮ, ಗಂಡಸರಿಗೆ ಮಾತ್ರ ಹುಗ್ಗಿ, ನಮಗೆ ಬರೀ ಕಡಲೆಬೇಳೇನಾ?”

ಹಾಲಿನಲ್ಲಿದ್ದ ಹೆಂಗಸರೆಲ್ಲ ಗೊಂಬೆಗಳಂತೆ ಕೂತರು. ಅಕ್ಕ ಮಾತ್ರ, “ನಿಮಗೇ ಅಂತ ಬೇರೆ ಬೇಯ್ತಾ ಇದೆ ಅಮ್ಮ, ಇನ್ನೇನು ಬಂತು” ಎಂದು ಒಳಗೆ ಹೋದವರು ಕುಕ್ಕರಿಗೆ ಗೋಧಿ ಹಾಕಿ, ಬೆಲ್ಲ ಕುಟ್ಟಿ, ತುಪ್ಪದಲ್ಲಿ ಗೋಡಂಬಿ ಹುರಿದು ನಿಜವಾದ ಹುಗ್ಗಿಯನ್ನೇ ತಂದಿಟ್ಟರು. ಅಜ್ಜಿ ಎರಡು ಬಟ್ಟಲು ತಿಂದು, ಗ್ಯಾರೇಜಿನಿಂದ ಬರುತ್ತಿದ್ದ ಅಳಿಯನನ್ನು ಕನ್ನಡಕದ ಮೇಲಿಂದ ನೋಡಿದರು. “ಅದಕ್ಕೇ ತೂಗಾಡ್ಕೊಂಡು ಬರ್ತಿದಾರೆ. ಬೆಲ್ಲ ಜಾಸ್ತಿ ಆಗಿದೆ.”

ಅಕ್ಕನಿಗೂ ಗ್ಯಾರೇಜಿಗೂ ಒಂದು ಒಪ್ಪಂದವಿತ್ತು. ಅಡುಗೆಮನೆಯಿಂದ ಗ್ಯಾರೇಜಿಗೆ ಒಂದು ಬಾಗಿಲು. ಆ ಹೊಸ್ತಿಲನ್ನು ಅಕ್ಕ ದಾಟುವುದಿಲ್ಲ, ಬಾಟಲಿ ಈ ಕಡೆ ಬರುವುದಿಲ್ಲ. ಮದುವೆಯಾಗದ ಲೇಡಿ ಡಾಕ್ಟರಾದ ನನ್ನ ಸ್ಥಿತಿ ವಿಚಿತ್ರವಾಗಿತ್ತು. ಹಾಲಿನಲ್ಲಿ ಕೂತರೆ ಗಂಡು ಹುಡುಕುವ ಮಾತು, ಗ್ಯಾರೇಜಿನಲ್ಲಿ ನಿಂತರೆ ಗಂಡಸರಿಗೆ ಮುಜುಗರ. ಕೊನೆಗೆ ಕೋಸಂಬರಿ ತಟ್ಟೆ ಹಿಡಿದು ಆ ಹೊಸ್ತಿಲನ್ನು ಆಚೀಚೆ ದಾಟುವ ಕೆಲಸ ನನಗೆ ಬಂತು. ಪ್ರತಿ ಸಲವೂ ಸಾಹೇಬರು ನನ್ನ ಕೈಗೂ ಒಂದು ಸಣ್ಣ ಗ್ಲಾಸು ಕೊಟ್ಟು, “ತುಮಕೂರು ಏನಂತದ?” ಎನ್ನುತ್ತಿದ್ದರು.

ತಾವೇ ಮೊದಲು ಹೇಳುವುದು ಪದ್ಧತಿ. ಕಣ್ಣು ಮುಚ್ಚಿ, ಮೂಗನ್ನು ಗ್ಲಾಸಿಗೆ ಇಳಿಸಿ, ಎಷ್ಟು ಹೊತ್ತು ಸುಮ್ಮನಿರುತ್ತಿದ್ದರೆಂದರೆ ಅರಿವಳಿಕೆ ಡಾಕ್ಟರು ಅಭ್ಯಾಸಬಲದಿಂದ ಅವರ ನಾಡಿ ಹಿಡಿಯಲು ಹೋದದ್ದುಂಟು. ಆಮೇಲೆ ಒಂದೊಂದೇ ಹೊರಗೆ ಬರುತ್ತಿತ್ತು. ಮೊದಲು ಕಿತ್ತಳೆ, ಅದೂ ಸುಲಿದು ಅರ್ಧ ತಾಸು ಬಿಟ್ಟದ್ದು. ಆಮೇಲೆ ಹುರಿಯದ ಕೊತ್ತಂಬರಿ. ಅದರ ಹಿಂದೆ ಬ್ರೆಡ್ಡು. ಎಲ್ಲರಿಗಿಂತ ಕೊನೆಗೆ, ಕರೆಯದೆ ಬಂದ ನೆಂಟನಂತೆ, ಲವಂಗ. ಅವರು ಹೇಳಿದ ಮೇಲೆ ನಮಗೂ ಅದೆಲ್ಲ ಸಿಗುತ್ತಿತ್ತು. ಒಮ್ಮೆ ಅರಿವಳಿಕೆ ಡಾಕ್ಟರು ಬೇರೇನೂ ತೋಚದೆ, “ಇದು ನಮ್ಮಜ್ಜಿ ಟ್ರಂಕು ಸರ್” ಎಂದುಬಿಟ್ಟರು. ಸಾಹೇಬರು ಅವರನ್ನು ಅಪ್ಪಿಕೊಂಡು ಇನ್ನೊಂದು ಬಾಟಲಿ ತೆರೆದರು.

ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿತ್ತು. ಮಾರ್ಚ್ ತಿಂಗಳಲ್ಲಿ ಸಾಹೇಬರು ಮನೆಯ ಸೂರಿನ ಮೋರಿಯಲ್ಲಿ ಸಿಕ್ಕಿಕೊಂಡ ಎಲೆ ತೆಗೆಯಲು ಏಣಿ ಹತ್ತಿ, ಬೆನ್ನು ಅಡಿಯಾಗಿ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಒಂದು ರಾತ್ರಿ ಆಸ್ಪತ್ರೆಯಲ್ಲಿಟ್ಟು, ಸ್ಕ್ಯಾನ್ ಮಾಡಿ, ಏನೂ ಇಲ್ಲ ಎಂದು ಕಳಿಸಿದರು. “ಸ್ಕ್ಯಾನಿನಾಗ ಏನೂ ಕಾಣಸಲಿಲ್ಲಂತ. ತಲಿಯೊಳಗ ಏನೂ ಇಲ್ಲಂತ ಇವಳು ಮೊದಲಿಂದ ಹೇಳಿಕೋತ ಬಂದಾಳ” ಎಂದು ನೋಡಲು ಬಂದವರಿಗೆಲ್ಲ ಹೇಳಿ ನಗಿಸಿದರು.

ಇಲ್ಲಿಯ ಬೇಸಿಗೆಯ ಹೊತ್ತಿಗೆ ಇದ್ದಕ್ಕಿದ್ದಂತೆ ನಿವೃತ್ತಿ ತೆಗೆದುಕೊಂಡರು. ಇನ್ನೂ ಕೆಲವು ವರ್ಷ ಇತ್ತು. ನಮ್ಮ ಗುಂಪಿನಲ್ಲಿ ಕಾರಣಗಳ ಸಂತೆಯೇ ನೆರೆಯಿತು. ಮ್ಯಾನೇಜರನೊಡನೆ ಜಗಳವಂತೆ, ಧಾರವಾಡದಲ್ಲಿ ಕಾಲೇಜು ತೆರೆಯುತ್ತಾರಂತೆ, ಯಾರೋ ಗುರುಗಳು ಸಿಕ್ಕಿದ್ದಾರಂತೆ. ಕೇಳಿದರೆ ಅವರು, “ಮುದುಕರ ಡಾಕ್ಟರು ಮುದುಕ ಆಗೋದರೊಳಗ ಬಿಡಬೇಕ್ರಿ. ಇಲ್ಲಂದ್ರ ಗುರುತು ಸಿಗೂದಿಲ್ಲ, ಹಾಸಿಗಿಗೆ ಹಾಕಿಬಿಡ್ತಾರ” ಎಂದು ಹಾರಿಸಿದರು.

ಆ ವರ್ಷ ಬಿಯರ್ ಕಾಯಿಸುವ ಸಮಯಕ್ಕೆ ಅಕ್ಕ ಮೈಸೂರಿನಲ್ಲಿದ್ದರು. ಶ್ರಾವಣದಲ್ಲಿ ತಂಗಿಯ ಮಗಳ ಮದುವೆಗೆಂದು ಹೋದವರು ಅಲ್ಲೇ ಉಳಿದಿದ್ದರು. ನವರಾತ್ರಿಗೆ ಸ್ವಲ್ಪ ಮೊದಲು ಹಿಂದಿರುಗಿ ಬಂದು ಗೊಂಬೆ ಇಟ್ಟರು. ವಿಜಯದಶಮಿಯ ಮಧ್ಯಾಹ್ನ ನಾವೆಲ್ಲ ಎಂದಿನಂತೆ ಸೇರಿದೆವು.

ನಾನು ತಟ್ಟೆ ಹಿಡಿದು ಗ್ಯಾರೇಜಿಗೆ ಹೋದಾಗ ಬಾಟಲಿಗಳು ಆಗಲೇ ತೆರೆದಿದ್ದವು. ಹೊಸ್ತಿಲಲ್ಲೇ ಏನೋ ಬದಲಾಗಿದೆ ಎನಿಸಿತು. ಮೊದಲು ನನ್ನ ಸೀರೆಗೇ ಅಡುಗೆಮನೆಯ ವಾಸನೆ ಹಿಡಿದಿದೆಯೇನೋ ಎಂದು ಸೆರಗು ಮೂಸಿಕೊಂಡೆ. ಒಳಗೆ ಆರೇಳು ಜನ ಡಾಕ್ಟರುಗಳು ಗ್ಲಾಸು ಹಿಡಿದು, ಪರೀಕ್ಷೆಯಲ್ಲಿ ಓದದ ಪ್ರಶ್ನೆ ಬಂದವರ ಮುಖ ಮಾಡಿಕೊಂಡು ನಿಂತಿದ್ದರು. ಸಾಹೇಬರು ಮಾತ್ರ ಹುರುಪಿನಲ್ಲಿದ್ದರು.

“ಪ್ರತಿ ಸಲ ನಾನೇ ಒದರ್ತೀನಿ. ಈ ಸಲ ನೀವು ಹೇಳ್ರಿ, ನಾ ಕೇಳ್ತೀನಿ.”

ನಿವೃತ್ತಿ ಅವರಿಗೆ ವಿನಯ ಕಲಿಸಿದೆ ಎಂದುಕೊಂಡೆ. ಒಬ್ಬರು ಗ್ಲಾಸನ್ನು ಬೆಳಕಿಗೆ ಹಿಡಿದು, “ಈ ಸಲ ಸ್ವಲ್ಪ... ಬೋಲ್ಡ್ ಆಗಿದೆ ಸರ್” ಎಂದರು. “ಬೋಲ್ಡ್! ಭೇಷ್! ಮುಂದ?” ಇನ್ನೊಬ್ಬರು, “ಊಟದ ನೆನಪಾಗತ್ತೆ. ಮದುವೆ ಮನೆ ಊಟ.” “ಮದಿವಿ ಮನಿ! ಭಾಳ ಛಲೋ ಮಾತು.” ಅರಿವಳಿಕೆ ಡಾಕ್ಟರು ಒಂದು ಗುಟುಕು ನುಂಗಿ, ಕಣ್ಣಲ್ಲಿ ಬಂದ ನೀರು ಒರೆಸಿಕೊಂಡು, “ಇಂಗ್ಲಿಷ್‌ನವರಿಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ ಸರ್” ಎಂದರು. ಇವರಲ್ಲಿ ಒಬ್ಬೊಬ್ಬರಿಗೂ ಸಾಹೇಬರು ಒಂದಲ್ಲ ಒಂದು ಕಾಲದಲ್ಲಿ ಕೆಲಸಕ್ಕೆ ಮಾತು ಹೇಳಿದ್ದರು, ಮನೆ ಸಿಗುವವರೆಗೆ ಮಹಡಿಯ ಕೋಣೆ ಕೊಟ್ಟಿದ್ದರು. ಯಾರಿಗೂ ಬಾಯಿ ಬರುವಂತಿರಲಿಲ್ಲ.

ಸಾಹೇಬರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹಾಯಿಸುತ್ತಿದ್ದರು. ಅವರ ಕೈಯ ಗ್ಲಾಸು ತುಂಬಿಯೇ ಇತ್ತು.

“ತುಮಕೂರು ಏನಂತದ?”

ಗ್ಲಾಸನ್ನು ಮೂಗಿನವರೆಗೆ ತರುವ ಅಗತ್ಯವೂ ಬೀಳಲಿಲ್ಲ.

“ಇಂಗು ಸಾಹೇಬ್ರೇ.”

ಸಾಹೇಬರ ಮುಖದಲ್ಲಿ ಏನೋ ಬಂದು ಹೋಯಿತು. ಮರುಕ್ಷಣ ಚಪ್ಪಾಳೆ ತಟ್ಟಿದರು.

“ನೋಡ್ರಿ! ಇಷ್ಟು ಮಂದಿ ಗಂಡಸರು ನಿಂತೀರಿ, ಹಿಡದಾಕಿ ಒಬ್ಬಾಕಿ ಹೆಣ್ಣುಮಗಳು. ಇಂಗು! ಬೇಕಂತನಽ ಹಾಕೀನಿ. ಗೋಧಿ ಅಂದ ಮ್ಯಾಲೆ ವಾಯು, ವಾಯು ಅಂದ ಮ್ಯಾಲೆ ಇಂಗು. ಇದು ಬರೇ ಬಿಯರ್ ಅಲ್ಲರಿ, ಔಷಧ.”

ಎಲ್ಲರೂ ಉಸಿರು ಬಿಟ್ಟು ನಕ್ಕರು. ನಾನೂ ನಕ್ಕೆ. ನಗುತ್ತಲೇ ಖಾಲಿ ತಟ್ಟೆ ಹಿಡಿದು ಅಡುಗೆಮನೆಗೆ ಬಂದು, ಹಪ್ಪಳ ಕರಿಯುತ್ತಿದ್ದ ಅಕ್ಕನಿಗೆ ಹೇಳಿದೆ: “ಅಕ್ಕ, ಸಾಹೇಬ್ರು ಈ ಸಲ ಹುಗ್ಗಿಗೆ ಇಂಗು ಹಾಕಿದಾರೆ.”

ಅಕ್ಕ ಜಾಲರಿ ಸೌಟು ಹಿಡಿದ ಕೈ ಎತ್ತಿದ್ದು ಹಾಗೇ ನಿಂತಿತು. “ಇಂಗಾ? ಶುಂಠಿ ಹಾಕ್ತೀನಿ ಅಂತ ನಾನು ಮೈಸೂರಲ್ಲಿದ್ದಾಗ ಫೋನಲ್ಲಿ ಹೇಳಿದ್ರಲ್ಲ. ರೇನರ್ಸ್ ಲೇನಿಗೆ ಹೋಗಿ ತಂದಿದೀನಿ, ನಿನಗೆ ಇಂಗೂ ತಂದಿದೀನಿ, ಎರಡೂ ಡಬ್ಬಿಗೆ ಹಾಕಿಟ್ಟಿದೀನಿ ಅಂದ್ರು. ನಾನು ಮೈಸೂರಿಂದ ತಂದ ಇಂಗೇ ಬಳಸ್ತಿದೀನಿ, ಆ ಡಬ್ಬಿಗಳನ್ನ ತೆಗೆದೇ ಇಲ್ಲ.”

ಕಪಾಟು ತೆರೆದರು. ಕಾಫಿ ಪುಡಿಯ ಹಳೆಯ ಗಾಜಿನ ಡಬ್ಬಿಗಳು ಎರಡು, ಎರಡರಲ್ಲೂ ತಿಳಿ ಹಳದಿಯ ಪುಡಿ. ಒಂದು ತುಂಬಿತ್ತು. ಅಕ್ಕ ಮುಚ್ಚಳ ತೆಗೆದು ಮೂಸಿದರು. ಶುಂಠಿ. ಇನ್ನೊಂದರಲ್ಲಿ ತಳದಲ್ಲಿ ಒಂದು ಚಮಚೆಯಷ್ಟು ಉಳಿದಿತ್ತು. ಅದರ ಮುಚ್ಚಳ ತೆಗೆದಾಗ ಒಲೆಯ ಹತ್ತಿರ ನಿಂತ ನನಗೇ ತಿಳಿಯಿತು.

“ಎರಡನ್ನೂ ನೋಡಿದ್ರೆ ಗೊತ್ತಾಗಲ್ಲ” ಎಂದೆ.

“ನೋಡೋದ್ಯಾಕೆ? ಮುಚ್ಚಳ ತೆಗೆದ್ರೆ ಸತ್ತವರಿಗೂ ಗೊತ್ತಾಗತ್ತೆ.”

ಅಕ್ಕ ಒಲೆ ಆರಿಸಿ ಸ್ಟೂಲಿನ ಮೇಲೆ ಕೂತರು. ಆಮೇಲೆ ನನ್ನನ್ನು ನೋಡದೆ, ಮೆಲ್ಲಗೆ ಹೇಳತೊಡಗಿದರು. ಏಣಿಯಿಂದ ಬಿದ್ದ ಮೇಲೆ ಅವರು ಗೇಟಿನಲ್ಲಿ ಕೂಗುವುದು ನಿಂತಿತ್ತು. ಬಡಿಸಿದ್ದನ್ನು ಮಾತಿಲ್ಲದೆ ತಿಂದು ಏಳುತ್ತಿದ್ದರು. ಸಾರಿಗೆ ಮೇಲುಪ್ಪು, ಪಲ್ಯಕ್ಕೆ ಮೇಲುಪ್ಪು, ಎಲ್ಲದಕ್ಕೂ ಉಪ್ಪಿನಕಾಯಿ. ಒಂದು ದಿನ ಹಾಲು ಉಕ್ಕಿ ಸೀದು ಮನೆಯೆಲ್ಲ ಹೊಗೆ, ಇವರು ಪಕ್ಕದ ಕುರ್ಚಿಯಲ್ಲೇ ಕೂತು ಪೇಪರ್ ಓದುತ್ತಿದ್ದರು.

“ನನ್ನ ಕೈ ಕೆಟ್ಟುಹೋಯ್ತು ಅಂದ್ಕೊಂಡೆ ಕಣೆ. ವಯಸ್ಸಾಯ್ತು, ಅಡುಗೆ ಕೆಟ್ಟಿದೆ, ಇವರಿಗೆ ಹೇಳೋಕೆ ಮನಸ್ಸಿಲ್ಲ ಅಂತ. ಆಮೇಲೆ ಅಡುಗೆ ಅಲ್ಲ, ನಾನೇ ಬೇಡವಾದ್ನೇನೋ ಅಂತ. ಮೈಸೂರಿಗೆ ಹೋದೋಳು ವಾಪಸ್ ಬರೋದಾ ಬೇಡವಾ ಅಂತ ಯೋಚನೆ ಮಾಡಿದೀನಿ, ಗೊತ್ತಾ?”

ನಾನು ಜಿಪಿ. ಪೆಟ್ಟು ಬಿದ್ದ ತಲೆಯಲ್ಲಿ ಮೂಗಿನ ನರಗಳು ಹರಿದುಹೋಗಬಹುದೆಂದು ಓದಿ ಪಾಸಾದವಳು. ಆದರೂ ಆ ಕ್ಷಣದವರೆಗೆ ನನಗೂ ಹೊಳೆದಿರಲಿಲ್ಲ.

ಅಕ್ಕ ಎದ್ದರು. ಇಂಗಿನ ಡಬ್ಬಿ ಹಿಡಿದು, ಆ ರೇಷ್ಮೆ ಸೀರೆಯಲ್ಲೇ, ಅಷ್ಟು ವರ್ಷ ದಾಟದಿದ್ದ ಹೊಸ್ತಿಲನ್ನು ದಾಟಿದರು. ನಾನು ಹಿಂದೆಯೇ ಹೋದೆ. ಬಾಗಿಲಲ್ಲಿ ಅವರನ್ನು ಕಂಡು ಗಂಡಸರೆಲ್ಲ ಗ್ಲಾಸನ್ನು ಬೆನ್ನ ಹಿಂದೆ ಹಿಡಿದರು. ಅಕ್ಕ ಯಾರನ್ನೂ ನೋಡಲಿಲ್ಲ. ನೇರ ಸಾಹೇಬರ ಮುಂದೆ ನಿಂತು, ಡಬ್ಬಿಯನ್ನು ಸೆರಗಿನಲ್ಲಿ ಮರೆಮಾಡಿ, ಮುಚ್ಚಳ ತೆಗೆದು ಅವರ ಮೂಗಿನ ಕೆಳಗೆ ಹಿಡಿದರು.

“ಇದೇನು ಹೇಳಿ.”

ಸಾಹೇಬರು ಅವರನ್ನೇ ನೋಡಿದರು. ಸುತ್ತಲಿನ ಮುಖಗಳನ್ನು ನೋಡಿದರು. ಯಾವ ಮುಖದಿಂದಲೂ ಸುಳಿವು ಸಿಗಲಿಲ್ಲ. ನಾವೆಲ್ಲ ನೆಲ ನೋಡುತ್ತಿದ್ದೆವು.

“ಶುಂಠಿ?” ಎಂದರು. ಅಷ್ಟು ಸಣ್ಣ ದನಿ ಅವರಿಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಅರಿವಳಿಕೆ ಡಾಕ್ಟರು ಗ್ಯಾರೇಜಿನ ಚಾವಣಿಯನ್ನು ಅಧ್ಯಯನ ಮಾಡತೊಡಗಿದರು. ಯಾರೋ ಗ್ಲಾಸು ಕೆಳಗಿಟ್ಟ ಸದ್ದಾಯಿತು. ಅಷ್ಟರಲ್ಲಿ ಅಕ್ಕ ನಗತೊಡಗಿದರು. ಬಾಟಲಿಯ ಕ್ರೇಟಿನ ಮೇಲೆ ಧೊಪ್ಪನೆ ಕೂತು, ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣೀರು ಸುರಿಸುತ್ತ ನಕ್ಕರು.

“ಹಾಗಾದ್ರೆ ನನ್ನ ಅಡುಗೆ ಕೆಟ್ಟಿಲ್ಲ! ಅಯ್ಯೋ ದೇವರೇ, ನನ್ನ ಅಡುಗೆ ಕೆಟ್ಟಿಲ್ಲ!”

“ನಿನ್ನ ಅಡಿಗಿಗೆ ಏನಾಗೇದ? ಕೆಟ್ಟದ್ದು ನನ್ನ ಮೂಗು” ಎಂದು ಸಾಹೇಬರು ಅವರ ಪಕ್ಕದ ಕ್ರೇಟಿನ ಮೇಲೆ ಕೂತರು. “ಬಿದ್ದಾಗಿಂದ ಏನೂ ಬರೂದಿಲ್ಲ. ಉಪ್ಪು ಖಾರ ಅಷ್ಟಽ ಗೊತ್ತಾಗ್ತದ, ಉಳದದ್ದೆಲ್ಲ ರಟ್ಟು ತಿಂದಂಗ. ವಾರ್ಡಿನಾಗ ಒಬ್ಬ ಅಜ್ಜನ ಉಸರಿನ್ಯಾಗ ಸಕ್ಕರಿ ಬ್ಯಾನಿ ವಾಸನಿ ಹೊಡೀಲಿಕ್ಕೆ ಹತ್ತಿತ್ತಂತ. ನಾ ಪಕ್ಕಕ್ಕ ನಿಂತು ಕ್ರಿಕೆಟ್ ಮಾತಾಡಿದೆ. ನರ್ಸ್ ಹಿಡದಳು, ಅಜ್ಜ ಉಳದ. ಮರುದಿನ ರಾಜೀನಾಮಿ ಕೊಟ್ಟೆ.”

“ನನಗೆ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಬ್ಯಾರೆ ಏನದ ನನ್ನ ಕಡೆ? ಮೂಗು ಒಂದಽ ಇತ್ತು.”

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ಅವರು ಮಾಡಿದ್ದನ್ನು ಅಲ್ಲಿದ್ದವರು ಯಾರೂ ಮರೆತಿಲ್ಲ. ಗಂಡನ ಕೈಯಿಂದ ಗ್ಲಾಸು ತೆಗೆದುಕೊಂಡು ಒಂದು ದೊಡ್ಡ ಗುಟುಕು ಕುಡಿದರು. ಜೀವನದ ಮೊದಲ ಬಿಯರು. ಮುಖ ಹಿಂಡಿ ಹಿಪ್ಪೆಯಾಯಿತು.

“ಥೂ! ಇದಕ್ಕಾ ಇಷ್ಟು ವರ್ಷ ಇಷ್ಟು ಸಂಭ್ರಮ?” ಎಂದವರೇ ಗಂಡಸರ ಕಡೆ ತಿರುಗಿದರು. “ಎಲ್ಲ ಡಾಕ್ಟ್ರುಗಳು! ಇದನ್ನ ಕುಡಿದು ಭೇಷ್ ಅನ್ನಿಸ್ಕೊಂಡು ನಿಂತಿದೀರಲ್ಲ. ಒಬ್ಬರಿಗಾದ್ರೂ ಹೇಳೋಕೆ ಬಾಯಿ ಬರಲಿಲ್ವಾ? ಹೋಗ್ಲಿ, ಚರಂಡಿಗೆ ಸುರೀರಿ ಎಲ್ಲಾನೂ.”

ಆ ಮಧ್ಯಾಹ್ನ ಕನ್ನಡದ ತಜ್ಞ ವೈದ್ಯರೆಲ್ಲ ಸಾಲಾಗಿ ನಿಂತು ಸಟನ್ನಿನ ಚರಂಡಿಗೆ ಬಾಟಲಿ ಬಗ್ಗಿಸಿದರು. ಪಕ್ಕದ ಮನೆಯ ಇಂಗ್ಲಿಷ್ ಹೆಂಗಸು ಕಿಟಕಿ ತೆರೆದು, ಕೂಡಲೇ ಮುಚ್ಚಿದಳು.

ಮೂಗು ಮತ್ತೆ ಬರಲಿಲ್ಲ. ತಜ್ಞರಿಗೆ ತೋರಿಸಿದರು, ಅವರು ಕೈಚೆಲ್ಲಿದರು. ಆದರೆ ಮುಂದಿನ ಶರತ್ಕಾಲಕ್ಕೆ ಹುಗ್ಗಿ ಇತ್ತು. ಹಸಿರು ಗೌನು ಸಾಹೇಬರದು, ಮೂಗು ಅಕ್ಕನದು. ರುಚಿ ನೋಡಿದರೆ ಕುಡಿದ ಹಾಗಲ್ಲ ಎಂದು ಅಕ್ಕ ತಮ್ಮಷ್ಟಕ್ಕೆ ಒಂದು ಶಾಸ್ತ್ರ ಮಾಡಿಕೊಂಡಿದ್ದರು, ಆ ಶಾಸ್ತ್ರ ವರ್ಷದಿಂದ ವರ್ಷಕ್ಕೆ ಸಡಿಲವಾಯಿತು. ಲವಂಗ ಅರ್ಧಕ್ಕೆ ಇಳಿಯಿತು. “ಲವಂಗ ಜಾಸ್ತಿಯಾದ್ರೆ ಹಲ್ಲಿನ ಡಾಕ್ಟ್ರ ಕ್ಲಿನಿಕ್ಕು.” ಏಲಕ್ಕಿ ಸಿಪ್ಪೆ ಸಮೇತ ಹಾಕುವುದು ನಿಂತಿತು. ನಿಜ ಹೇಳಬೇಕೆಂದರೆ ಬಿಯರು ಮೊದಲಿಗಿಂತ ಎಷ್ಟೋ ಒಳ್ಳೆಯದಾಯಿತು. ಹಾಲಿನಲ್ಲಿ ಕೂರುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಗ್ಯಾರೇಜಿಗೆ ಬಂದರು. ಮಕ್ಕಳು ಬಾಗಿಲಲ್ಲಿ ಇಣುಕಿ, “ಮಮ್, ಆರ್ ಯೂ ಡ್ರಂಕ್?” ಎಂದು ವಿಚಾರಿಸಿಕೊಂಡು ಹೋಗುತ್ತಿದ್ದರು.

ಸಾಹೇಬರು ಗ್ಲಾಸನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಪಕ್ಕದಲ್ಲಿ ಅಕ್ಕ ನಿಂತು ಮೆಲ್ಲಗೆ ಹೇಳುತ್ತಿದ್ದರು. ಅಕ್ಕನ ಭಾಷೆಯೇ ಬೇರೆ. “ಇದು ನಮ್ಮೂರ ದೇವರಾಜ ಮಾರ್ಕೆಟ್ಟು, ಬೆಳಿಗ್ಗೆ, ಇನ್ನೂ ನೀರು ಹಾಕಿ ಗುಡಿಸ್ತಿದಾರೆ. ಹಿಂದುಗಡೆ ಧಾರವಾಡದ ನಿಮ್ಮಕ್ಕ ಬರ್ತಿದಾರೆ, ಪೌಡರ್ ಹಾಕ್ಕೊಂಡು, ಒಳ್ಳೆ ಮೂಡಲ್ಲಿದಾರೆ.” ಸಾಹೇಬರು ತಲೆಯಾಡಿಸುತ್ತಿದ್ದರು. ಆಮೇಲೆ ಅದನ್ನೇ ಬಣ್ಣ ಕಟ್ಟಿ, ತಮ್ಮದೇ ಎನ್ನುವಂತೆ ನಮಗೆ ಹೇಳುತ್ತಿದ್ದರು. ಅಕ್ಕ ಪಕ್ಕದಲ್ಲೇ ನಿಂತು, ಮೊದಲ ಸಲ ಕೇಳುತ್ತಿರುವವರಂತೆ ಮೆಚ್ಚುತ್ತಿದ್ದರು.

ನಾನು ಇಂಗ್ಲೆಂಡಿನ ಉತ್ತರದ ಕಡೆ ಒಂದು ಊರಿಗೆ ಜಿಪಿಯಾಗಿ ಹೋದೆ. ಅವರ ಕೊನೆಯ ಶರತ್ಕಾಲದಲ್ಲಿ, ಕಾಯಿಲೆ ಜೋರಾಗಿದೆ ಎಂದು ತಿಳಿದು ನೋಡಲು ಬಂದೆ. ತಾವೇ ಆಳಿದ ವಾರ್ಡಿನಲ್ಲಿ ಮಲಗಿದ್ದರು. ಇಳಿದುಹೋಗಿದ್ದರು, ಬಾಯಿ ಮಾತ್ರ ಹಾಗೇ ಇತ್ತು.

“ಬೆಳಿಗ್ಗೆ ಒಬ್ಬ ಸಣ್ಣ ಡಾಕ್ಟರ್ ಬಂದಿದ್ದ. ನೆನಪು ಪರೀಕ್ಷಾ ಮಾಡ್ಲಿಕ್ಕೆ, ಪ್ರಧಾನಮಂತ್ರಿ ಯಾರು ಅಂತ ಕೇಳ್ದ. ಆ ಪ್ರಶ್ನಿ ಈ ವಾರ್ಡಿನಾಗ ನಾ ಎಷ್ಟು ಮಂದಿಗೆ ಕೇಳೀನಿ! ನನಗ ಗೊತ್ತದಪಾ, ಆ ಪ್ರಧಾನಮಂತ್ರಿಗೆ ಗೊತ್ತದನೋ ಇಲ್ಲೋ ಕೇಳಿ ಬಾ ಅಂದೆ. ಗೊಂದಲ ಅದ ಅಂತ ಬರಕೊಂಡು ಹೋದ.”

ಅಕ್ಕ ಫ್ಲಾಸ್ಕಿಗೆ ಬಿಸಿನೀರು ತರಲು ಹೋಗಿದ್ದರು. ಆ ವರ್ಷದ ಹುಗ್ಗಿ ಹೇಗಿದೆ ಎಂದು ಕೇಳಿದೆ.

“ಮೂಗು ಹೋದಾಗ ನನಗ ಹುಗ್ಗಿದು ಚಿಂತಿ ಇದ್ದಿದ್ದಿಲ್ಲ. ವಾರ್ಡಿಂದೂ ಆಮ್ಯಾಲೆ. ಮನಿಯೊಳಗ ಆಕಿ ಎಲ್ಲಿದ್ದಾಳ ಅಂತ ಗೊತ್ತಾಗ್ತಿದ್ದಿಲ್ಲ. ಮೊದಲ ಹಂಗಿದ್ದಿಲ್ಲ ನೋಡು. ಹಿಂದ ಬಂದು ನಿಂತರ ಗೊತ್ತಾಗ್ತಿತ್ತು, ಮ್ಯಾಲಿನ ಖೋಲ್ಯಾಗ ಇದ್ದರ ಗೊತ್ತಾಗ್ತಿತ್ತು. ಸಾಬಾಣ, ಒಗ್ಗರಣಿ, ತಲಿಗೆ ಹಚ್ಚೋ ಎಣ್ಣಿ, ಎಲ್ಲಾ ಕೂಡಿ ಆಕೀದೇ ಒಂದು ಇತ್ತು. ಅದು ಹೋದ ಮ್ಯಾಲೆ ಮನಿ ಖಾಲಿ. ಆಕಿ ಬಾಜೂಕ ಮಲಗಿದ್ದರೂ ಖಾಲಿ.”

“ಮತ್ತೆ ಏನ್ ಮಾಡಿದ್ರಿ?”

“ಕರೀಲಿಕ್ಕೆ ಶುರು ಮಾಡಿದೆ. ಹೆಸರು ಹಿಡದು. ಮದಿವ್ಯಾಗಿ ಅಷ್ಟು ವರ್ಷ ‘ಏ’, ‘ಕೇಳಿಲ್ಲೆ’ ಅಂದೇ ಸಂಸಾರ ಮಾಡಿದ್ದೆ. ಮೊದಲ ಸಲ ಹೆಸರು ಹಿಡದು ಒದರಿದಾಗ ಗಾಬರಿಯಾಗಿ ಓಡಿ ಬಂದಳು, ಎದಿನೋವು ಬಂತೇನು ಅಂತ.” ನಕ್ಕು ಸುಸ್ತಾದರು. “ಮಂದಿ ಮುಂದ ಕರೆಯೂದಿಲ್ಲ. ಆಕಿಗೆ ನಾಚಿಕಿ.”

ಔಷಧಿಯ ಮಂಪರಿಗೆ ಕಣ್ಣು ಮುಚ್ಚಿತು. ನಾನು ಹೊರಡೋಣವೆಂದು ಕೋಟು ಹಾಕಿಕೊಳ್ಳುತ್ತಿದ್ದಾಗ ತಟ್ಟನೆ ಎಚ್ಚರಾದರು. ನಾನಿರುವುದು ಅವರ ಗಮನಕ್ಕೆ ಬಂದಂತೆ ಕಾಣಲಿಲ್ಲ. ಕೈಯಿಂದ ಹಾಸಿಗೆಯ ಪಕ್ಕ ತಡವಿದರು. ಆಮೇಲೆ, ಆ ಒಣಗಿದ ಎದೆಯೊಳಗಿಂದ ಅಷ್ಟು ದನಿ ಹೇಗೆ ಬಂತೋ, ಇಡೀ ವಾರ್ಡಿನ ಮುದುಕರೆಲ್ಲ ತಿರುಗುವಂತೆ ಕೂಗಿದರು.

“ಪದ್ಮಾ!”

ಅವರ ಮನೆಯ ಅನ್ನ ಅಷ್ಟು ವರ್ಷ ಉಂಡವಳು ನಾನು. ಆಹ್ವಾನ ಪತ್ರಿಕೆಗಳಲ್ಲಿ ಆಕೆ ಮಿಸೆಸ್, ನಮ್ಮ ಬಾಯಲ್ಲಿ ಅಕ್ಕ. ಆ ಹೆಸರನ್ನು ಕೇಳಿದ್ದು ಅದೇ ಮೊದಲು.

ಕಾರಿಡಾರಿನ ತುದಿಯಲ್ಲಿ ಚಪ್ಪಲಿಯ ಸದ್ದು ಕೇಳಿತು.

“ಬಂದೆ ಕಣ್ರೀ, ಬಂದೆ. ಇಲ್ಲೇ ಇದೀನಿ.”